ಬ್ರೇಕ್ ಕ್ಯೂ ಮತ್ತು ಭಾವನ ಹೆಲ್ಮೆಟ್ಟು

"ಭಾನುವಾರದೊಳಗೆ ಒಂದು ಬ್ರೇಕ್ ಕ್ಯೂ ಆರಿಸಿ ತರ್ತೀನಿ. ಎಂಥದ್ದು ಗೊತ್ತೇನು? ಅದನ್ನ ನೋಡಿದ್ರೇ ಸಾಕು, ಹದಿನೈದು ಚೆಂಡೂ ಹೆದರಿ ತಾವಾಗಿಯೇ ಪಾಕೆಟ್ಟಿಗೆ ಹಾರ್ಕೋಬೇಕು!"

ಹೀಗಂತ ನಾನು ಘೋಷಣೆ ಹೊರಡಿಸಿದ್ದು ಬುಧವಾರ ಸಂಜೆ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟು. ಸಭೆಯಲ್ಲಿ ಇದ್ದವರು ಒಬ್ಬರೇ, ನನ್ನ ಹೆಂಡತಿ. ಅವಳು ಟೈಲರು. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಕಾಗದದ ಅಚ್ಚನ್ನು ಬಟ್ಟೆಯ ಮೇಲೆ ಹರಡುತ್ತಿದ್ದಳು. "ಹ್ಞೂಂ" ಅಂದಳು. ಗುಂಡುಸೂಜಿ ಕಚ್ಚಿಕೊಂಡ ಹೆಂಡತಿಯ "ಹ್ಞೂಂ" ಎಷ್ಟು ಚುಚ್ಚುತ್ತದೆ ಅಂತ ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಏನೇ ಅದು, ಹ್ಞೂಂ?"

ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ಪುಟ್ಟ ದಿಂಬಿಗೆ ಚುಚ್ಚಿದಳು. "ಕೋಲು ಬದಲಾಯಿಸ್ತೀರಿ, ಸರಿ. ಕೈ ಎಲ್ಲಿ ಸಿಗುತ್ತೆ?"

ಪೂಲ್ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹಸಿರು ಬಟ್ಟೆ ಹೊದಿಸಿದ ದೊಡ್ಡ ಮೇಜು, ಅಂಚಿನಲ್ಲಿ ಚೆಂಡು ಬೀಳಿಸುವ ಆರು ತೂತು, ಅವೇ ಪಾಕೆಟ್ಟು. ಒಂದು ತುದಿಯಲ್ಲಿ ಹದಿನೈದು ಬಣ್ಣದ ಚೆಂಡುಗಳು ತ್ರಿಕೋನವಾಗಿ ಒಂದಕ್ಕೊಂದು ಅಂಟಿ ಕೂತಿರುತ್ತವೆ, ಅವಿಭಕ್ತ ಕುಟುಂಬದ ಹಾಗೆ. ಇನ್ನೊಂದು ತುದಿಯಿಂದ ಒಂದು ಬಿಳಿ ಚೆಂಡನ್ನು ಕ್ಯೂ ಅನ್ನುವ ಕೋಲಿನಿಂದ ಬಲವಾಗಿ ಹೊಡೆದು ಆ ಕುಟುಂಬವನ್ನು ಒಡೆಯಬೇಕು. ಈ ಮೊದಲ ಹೊಡೆತವೇ ಬ್ರೇಕ್. ಆಮೇಲಿನದೆಲ್ಲ ನಯದ ಕೆಲಸ, ಗುರಿಯ ಕೆಲಸ. ಅದು ನನಗೆ ಬರುವುದು ಅಷ್ಟಕ್ಕಷ್ಟೇ. ಆದರೆ ಬ್ರೇಕ್! ಅಹಾ! ದೇವರು ನನ್ನನ್ನು ಸೃಷ್ಟಿಸಿದ್ದೇ ಅದಕ್ಕೆ ಅಂತ ನನ್ನ ಗಟ್ಟಿ ನಂಬಿಕೆ.

ತೊಂದರೆ ಒಂದೇ. ನನ್ನ ಬ್ರೇಕಿಗೆ ಬಣ್ಣದ ಚೆಂಡುಗಳು ಎಲ್ಲಿಗೆ ಹೋಗುತ್ತವೋ ಹೇಳಲಾರೆ, ಬಿಳಿ ಚೆಂಡು ಮಾತ್ರ ಮೇಜು ಬಿಟ್ಟು ಹಾರುತ್ತದೆ. ಒಂದು ಸಲ ಟ್ಯೂಬ್‌ಲೈಟಿಗೆ. ಇನ್ನೊಂದು ಸಲ, ಆಟ ನೋಡುತ್ತ ನಿಂತಿದ್ದ ಬೇಕರಿಯವನ ಟೀ ಲೋಟಕ್ಕೆ. ಅದೂ ಅವನು ಕುಡಿಯುತ್ತಿರುವಾಗ! ಮಂಗಳವಾರ ಸಂಜೆ ಮಾತ್ರ ಎಲ್ಲೆ ಮೀರಿತು. ಚೆಂಡು ಕೌಂಟರಿನಲ್ಲಿ ಕೂತಿದ್ದ ಪೂಲ್ ಹಾಲ್ ಮಾಲೀಕರ ಕಿವಿಯ ಪಕ್ಕದಲ್ಲೇ ಹಾದು ಹಿಂದಿನ ಗೋಡೆ ಗಡಿಯಾರಕ್ಕೆ ಬಡಿಯಿತು. ಅಂದಿನಿಂದ ಆ ಹಾಲಿನಲ್ಲಿ ಯಾವಾಗಲೂ ಆರು ಗಂಟೆ ಹತ್ತು ನಿಮಿಷ.

ಆ ಮಾಲೀಕರು ಬೇರೆ ಯಾರೂ ಅಲ್ಲ, ನನ್ನ ಹೆಂಡತಿಯ ಅಣ್ಣ. ನನ್ನ ಭಾವ. ನನ್ನ ಈ ಭಾವನ ಸ್ವಭಾವ ವಿಚಿತ್ರ. ನನಗೆ ಸಿಟ್ಟು ಬಂದರೆ ದನಿ ಏರುತ್ತದೆ, ಅವರಿಗೆ ಸಿಟ್ಟು ಬಂದರೆ ಮರ್ಯಾದೆ ಏರುತ್ತದೆ. ಮಾಮೂಲಿ ದಿನಗಳಲ್ಲಿ "ಏನೋ ಫಿಟ್ಟರ್, ಬಂದ್ಯಾ?" ಅನ್ನುವವರು, ಅವತ್ತು ಎದ್ದು ನಿಂತು, ಗಡಿಯಾರದ ಗಾಜಿನ ಚೂರನ್ನು ಅಂಗಿಯ ಮೇಲಿಂದ ಕೊಡವಿಕೊಂಡು, ತಣ್ಣಗೆ ಹೇಳಿದರು:

"ಫಿಟ್ಟರ್ ಅವರೇ, ಭಾನುವಾರದ ಪಂದ್ಯಕ್ಕೆ ತಮ್ಮ ಹೆಸರು ಬರೆದಾಗಿದೆ, ಅಳಿಸೋಲ್ಲ. ದಯವಿಟ್ಟು ಬನ್ನಿ. ಆದರೆ ಇನ್ನೊಂದು ಸಲ ಬಿಳಿ ಚೆಂಡು ಮೇಜು ಬಿಟ್ಟು ಹಾರಿತು ಅಂದ್ರೆ, ಅದರ ಹಿಂದೆಯೇ ತಾವೂ ಮೆಟ್ಟಿಲು ಇಳಿಯೋದು. ಮತ್ತೆ ಹತ್ತೋ ಹಾಗಿಲ್ಲ."



ನೋಡಿ, ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು. ಇಪ್ಪತ್ತಾರು ವರ್ಷದಿಂದ ಪಂಪು ರಿಪೇರಿ ವರ್ಕ್‌ಶಾಪಿನಲ್ಲಿ ಫಿಟ್ಟರು. ದಿನಕ್ಕೆ ಎಂಟು ಗಂಟೆ ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತು, ಹುಟ್ಟಿದಾಗಿನಿಂದ ಸ್ಪ್ಯಾನರ್ ಮುಟ್ಟದ ಸೂಪರ್‌ವೈಸರ್ ಬಾಯಲ್ಲಿ ಸ್ಪ್ಯಾನರ್ ಹಿಡಿಯೋದು ಹೇಗೆ ಅಂತ ಪಾಠ ಕೇಳಿಕೊಂಡು, ಹಲ್ಲು ಕಚ್ಚಿ ಸಂಜೆ ಮಾಡುತ್ತೇನೆ. ಆರರಿಂದ ಏಳೂವರೆವರೆಗೆ, ಟೈರ್ ಅಂಗಡಿಯ ಮೇಲಿನ ಆ ಹಾಲಿನಲ್ಲಿ, ಆ ಸಿಟ್ಟನ್ನೆಲ್ಲ ಬಿಳಿ ಚೆಂಡಿನ ಮೇಲೆ ಇಳಿಸುತ್ತೇನೆ. ಆ ಒಂದೂವರೆ ಗಂಟೆ ಕಿತ್ತುಕೊಂಡರೆ ಸಿಟ್ಟನ್ನು ಎಲ್ಲಿ ಇಳಿಸಲಿ? ಮನೆಗೇ ತರಬೇಕು. ಮನೆಯಲ್ಲಿ ಇರುವವಳ ಕೈಯಲ್ಲಿ ಹನ್ನೆರಡು ಇಂಚಿನ ಕತ್ತರಿ ಇದೆ!

ಅವಳಿಗೂ ಇದು ಗೊತ್ತಿತ್ತು. "ಹೇಗಾದರೂ ಮಾಡಿ ಆ ಹಾಲು ಉಳಿಸ್ಕೊಳ್ಳಿ ರೀ" ಅಂದಳು. "ಆ ಒಂದೂವರೆ ಗಂಟೆಯಲ್ಲೇ ನನ್ನ ಅರ್ಧ ಕೆಲಸ ಆಗೋದು."

ತಪ್ಪು ನನ್ನ ಕೋಲಿನದ್ದು ಅನ್ನುವುದು ನನಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಆಡುವ ಕೋಲೇ ಬೇರೆ, ಬ್ರೇಕ್ ಮಾಡುವ ಕೋಲೇ ಬೇರೆ ಇರಬೇಕು. ದೊಡ್ಡ ಆಟಗಾರರೆಲ್ಲ ಎರಡು ಇಟ್ಟುಕೊಳ್ಳುತ್ತಾರೆ. ನಾನೇನು ಸಣ್ಣವನೇ?

ಗುರುವಾರ ಸಂಜೆ ಕ್ಯೂ ಅಂಗಡಿಗೆ ನುಗ್ಗಿದೆ. ಒಂದು ಕೈಯಲ್ಲಿ ನನ್ನ ಹಳೇ ಕೋಲು, ಇನ್ನೊಂದು ಕೈಯಲ್ಲಿ ದಪ್ಪ ಅಳೆಯುವ ವರ್ಕ್‌ಶಾಪಿನ ವರ್ನಿಯರ್, ಹೆಗಲಿಗೆ ತೂಗುಹಾಕುವ ಸ್ಪ್ರಿಂಗ್ ತಕ್ಕಡಿ. ಅಂಗಡಿ ಯಜಮಾನರು ತೆಳ್ಳಗಿನ ಮುದುಕರು, ಮೂಗಿನ ತುದಿಯಲ್ಲಿ ಕನ್ನಡಕ. ನನ್ನ ಕೋಲಿನ ತುದಿಯನ್ನು ನಾಲಿಗೆ ನೋಡುವ ಡಾಕ್ಟರ ಹಾಗೆ ದೀಪಕ್ಕೆ ಹಿಡಿದು ನೋಡಿದರು.

"ಇದರಲ್ಲೇ ಬ್ರೇಕ್ ಮಾಡ್ತೀರಾ?"

"ಮತ್ತೆ? ಬೆತ್ತ ಬೀಸ್ತಾರಾ?"

"ತುದಿಯ ಚರ್ಮ ಅಣಬೆ ಥರ ಅರಳಿ ಕೂತಿದೆ. ಎಷ್ಟು ಜೋರಾಗಿ ಹೊಡೀತೀರಿ ಸ್ವಾಮಿ?"

"ನನ್ನ ಕೈಲಾದಷ್ಟು!" ಅಂದೆ ಹೆಮ್ಮೆಯಿಂದ.

ಅವರು ನಿಟ್ಟುಸಿರು ಬಿಟ್ಟು ಮೂರು ಬ್ರೇಕ್ ಕ್ಯೂಗಳನ್ನು ಕೌಂಟರಿನ ಗಾಜಿನ ಮೇಲೆ ಇಟ್ಟರು. ಒಂದೊಂದನ್ನೂ ಉರುಳಿಸಿ ತೋರಿಸಿದರು. ಸೊಟ್ಟ ಇದ್ದರೆ ಉರುಳುವಾಗ ಕುಣಿಯುತ್ತದಂತೆ. ಮೂರೂ ಕುಣಿಯಲಿಲ್ಲ. ತುದಿ ಕಲ್ಲಿನಂತೆ ಗಟ್ಟಿ ಇರಬೇಕು, ಮೈ ಬಾಗಬಾರದು. ಇಷ್ಟು ಪಾಠ ಹೇಳಿ, ಎಲ್ಲಕ್ಕಿಂತ ಹಗುರದ್ದನ್ನು ನನ್ನ ಕೈಗಿಟ್ಟರು.

ನಾನು ವರ್ನಿಯರ್ ಹಾಕಿ ಅಳೆದೆ. ತಕ್ಕಡಿಗೆ ನೇತುಹಾಕಿ ತೂಗಿದೆ. ಅಂಗಡಿಯಲ್ಲಿದ್ದ ನಾಲ್ಕು ಜನ ಸುತ್ತ ನೆರೆದರು. ನನಗೆ ಇನ್ನಷ್ಟು ಹುರುಪು ಬಂತು.

"ಇದೇನ್ರೀ, ಪೊರಕೆ ಕಡ್ಡಿ! ಭಾರದ್ದು ಕೊಡಿ. ಇರೋದ್ರಲ್ಲೇ ಭಾರದ್ದು!"

"ಬ್ರೇಕಿಗೆ ಬೇಕಾಗಿರೋದು ಭಾರ ಅಲ್ಲ, ವೇಗ. ಭಾರದ ಕೋಲನ್ನ ಜೋರಾಗಿ ನೂಕೋಕೆ ಭುಜ ಸೇರಿಸ್ತೀರಿ. ಭುಜ ಸೇರಿದ್ರೆ ಕೋಲಿನ ಹಿಂಬದಿ ಏಳುತ್ತೆ. ಹಿಂಬದಿ ಎದ್ದರೆ ಬಿಳಿ ಚೆಂಡು ನೆಗೆಯುತ್ತೆ."

"ಸುತ್ತಿಗೆಗೆ ಭಾರ ಬೇಡ್ವಾ ಹಾಗಾದ್ರೆ?"

"ಇದು ಸುತ್ತಿಗೆ ಅಲ್ಲ."

"ನಾನು ಇಪ್ಪತ್ತಾರು ವರ್ಷದಿಂದ ಕಬ್ಬಿಣದ ಜೊತೆ ಸಂಸಾರ ಮಾಡಿದವನು ಯಜಮಾನ್ರೇ!"

"ಹಾಗಾದ್ರೆ ಕಬ್ಬಿಣದ ಅಂಗಡಿ ಪಕ್ಕದ ಬೀದೀಲಿದೆ" ಅಂದರು ಮುದುಕರು, ಕನ್ನಡಕದ ಮೇಲಿಂದ ನೋಡುತ್ತ. "ಇಲ್ಲಿ ಇರೋದು ಮರ."

ನಾಲ್ಕು ಜನರೂ ನಕ್ಕರು. ನನ್ನ ಕಿವಿ ಕೆಂಡವಾಯಿತು. ಸಿಟ್ಟಿನಲ್ಲೇ ಮೂರನೆಯದನ್ನು, ಎಲ್ಲಕ್ಕಿಂತ ಭಾರದ್ದನ್ನು, ಎತ್ತಿಕೊಂಡೆ. ಯಜಮಾನರು ಕಟ್ಟಿಕೊಡುವಾಗ ಇನ್ನೊಂದು ಮಾತು ಹೇಳಿದರು. ಅದನ್ನು ಹೇಳಬಾರದಿತ್ತು. ಬುಡದ ರಬ್ಬರ್ ಬಿಚ್ಚಿದರೆ ಒಳಗೆ ಒಂದು ಸಣ್ಣ ಬೋಲ್ಟು ಇರುತ್ತದೆ, "ಭಾರ ಅನ್ನಿಸಿದರೆ ಅದನ್ನ ಬಿಚ್ಚಿ ಚಿಕ್ಕದು ಹಾಕ್ಕೊಳ್ಳಿ."

ಚಿಕ್ಕದು! ಯಾರಿಗೆ ಹೇಳುತ್ತಿದ್ದಾರೆ!

ಶುಕ್ರವಾರ ಊಟದ ಬಿಡುವಿನಲ್ಲಿ ಲೇತ್ ಮೇಲೆ ಅರ್ಧ ಗೇಣಿನ ಉಕ್ಕಿನ ಬೋಲ್ಟು ತಿರುವಿದೆ. ಆರು ಮೂಲೆಯ ತಲೆ, ಕನ್ನಡಿಯಂಥ ಹೊಳಪು. ಕೋಲಿನ ಬುಡದ ತೂತನ್ನು ಇನ್ನೂ ಆಳಕ್ಕೆ ಕೊರೆದು ಅದನ್ನು ಒಳಗೆ ಕೂರಿಸಿದೆ. ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ರಬ್ಬರ್ ಬಿಚ್ಚಿ, ಬೋಲ್ಟು ಹೊರಗೆ ತೆಗೆದು, ಅವಳ ಅಂಗೈ ಮೇಲಿಟ್ಟೆ.

"ನೋಡೇ! ಈ ಕೋಲಿನ ಪ್ರಾಣ ಇರೋದೇ ಇದರಲ್ಲಿ."

ಅವಳು ಅಂಗೈಯನ್ನು ಎರಡು ಸಲ ಮೇಲೆ ಕೆಳಗೆ ಆಡಿಸಿದಳು. "ಒಳ್ಳೇ ತೂಕ ಇದೆ ರೀ" ಅಂದಳು. ಮೆಚ್ಚುಗೆ ಅಂತ ತಿಳಿದೆ. ಈಗ ಗೊತ್ತಾಗುತ್ತದೆ, ಅದು ಟೈಲರಿನ ಕಣ್ಣು.

ಶನಿವಾರ ವರ್ಕ್‌ಶಾಪು ಅರ್ಧ ದಿನ. ಮನೆಗೆ ಬಂದರೆ ಅವಳಿಲ್ಲ, ಗುಂಡಿ ತರಲು ಪೇಟೆಗೆ ಹೋಗಿದ್ದಳು. ಮುಂದಿನ ಕೋಣೆಯಲ್ಲಿ ಅವಳ ಕತ್ತರಿಸುವ ಮೇಜು. ಆರಡಿ ಉದ್ದ, ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ದಪ್ಪ ಕಂಬಳಿ. ಇಷ್ಟು ವರ್ಷ ನೋಡಿದ್ದರೂ ಅವತ್ತು ನನ್ನ ಕಣ್ಣಿಗೆ ಅದು ಬೇರೆಯೇ ಆಗಿ ಕಂಡಿತು. ಪಾಕೆಟ್ ಒಂದಿಲ್ಲ, ಅಷ್ಟೇ!

ಬಿಳಿ ಚೆಂಡು ನನ್ನ ಹತ್ತಿರ ಇತ್ತು. ಭಾವನ ಹಾಲಿನಲ್ಲಿ ಮೂಲೆ ಸೇರಿದ್ದ ಒಂದು ಹಳೆಯ ಚೆಂಡು. ಕೇಳಿ ತಂದಿದ್ದಲ್ಲ. ಹೋಗಲಿ ಬಿಡಿ. ಬಣ್ಣದ ಚೆಂಡುಗಳಿಗೆ ಏನು ಮಾಡುವುದು? ಗೋಡೆಯ ಹಲಗೆಯ ಮೇಲೆ ಸಾಲಾಗಿ ಕೂತಿದ್ದವಲ್ಲ, ಬಣ್ಣಬಣ್ಣದ ನೂಲಿನ ಉಂಡೆಗಳು! ಎಣಿಸಿ ಹದಿನೈದು ತೆಗೆದು ತ್ರಿಕೋನ ಕಟ್ಟಿದೆ. ಮೇಜಿನ ಮೇಲೆ ಅವಳ ಗಾಜಿನ ಪೇಪರ್‌ವೇಟು ಇತ್ತು, ಅಂಗೈ ಅಗಲದ್ದು, ಕಾಗದದ ಅಚ್ಚು ಹಾರದ ಹಾಗೆ ಇಡುವುದು. ಅದನ್ನು ಮೂಲೆಗೆ ಸರಿಸಿದೆ. ಬಗ್ಗಿದೆ. ಉಸಿರು ಎಳೆದೆ. ಸೂಪರ್‌ವೈಸರ್ ಮುಖ ನೆನಪಿಸಿಕೊಂಡೆ.

ಧಡ್!

ನೂಲಿನ ಉಂಡೆಗಳಲ್ಲಿ ಒಂದೂ ಮೇಜಿನ ಮೇಲೆ ಉಳಿಯಲಿಲ್ಲ. ಅಷ್ಟರ ಮಟ್ಟಿಗೆ ಅದು ನನ್ನ ಜೀವನದ ಅತ್ಯುತ್ತಮ ಬ್ರೇಕ್. ಆದರೆ ಬಿಳಿ ಚೆಂಡು! ಅದು ಮೊದಲು ಬಟ್ಟೆ ತೊಡಿಸುವ ಬೊಂಬೆಯ ಎದೆಗೆ ಗುದ್ದಿತು. ಬೊಂಬೆ ಹಿಂದಕ್ಕೆ ಬೀಳುತ್ತ ಮೇಜಿನ ಮೂಲೆಯನ್ನು ತಟ್ಟಿತು. ಪೇಪರ್‌ವೇಟು ನೆಲಕ್ಕೆ ಬಿದ್ದು ನೂರು ಚೂರು. ಚೆಂಡು ಬೊಂಬೆಯಿಂದ ಪುಟಿದು ಕಿಟಕಿಯ ಗಾಜನ್ನು ಒಡೆದುಕೊಂಡು ಬೀದಿಗೆ ಹಾರಿತು.

ಒಂದು ಕ್ಷಣ ಏನೂ ಸದ್ದಿಲ್ಲ. ನಮ್ಮದು ಮೊದಲ ಮಹಡಿ. ನಾನು ಕಣ್ಣು ಮುಚ್ಚಿ ಕಾದೆ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ, ಯಾರಾದರೂ...

ಠಣ್!

ಕಿಟಕಿಯಿಂದ ಇಣುಕಿದೆ. ಸ್ಕೂಟರ್ ನಿಲ್ಲಿಸಿ ಆಗ ತಾನೇ ಕೆಳಗಿಳಿದ ಒಬ್ಬರು ಹೆಲ್ಮೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಮುಖ ಮೇಲೆತ್ತಿದರು.

ಭಾವ!

ಮೆಟ್ಟಿಲು ಹತ್ತಿ ಬರುವ ಹೆಜ್ಜೆ ಸದ್ದು ಒಂದೊಂದೂ ನನ್ನ ಎದೆಯ ಮೇಲೆ ಬಿದ್ದ ಹಾಗಾಯಿತು. ಬಾಗಿಲಲ್ಲಿ ನಿಂತರು. ಹೆಲ್ಮೆಟ್ಟು ತೆಗೆಯಲಿಲ್ಲ. ಕೈಯಲ್ಲಿ ಬಿಳಿ ಚೆಂಡು.

"ಇದು ತಮ್ಮದೇ?"

"ಅದು... ಭಾವ..."

ಚೆಂಡನ್ನು ತಿರುಗಿಸಿ ನೋಡಿದರು. "ಅಲ್ಲ. ಇದು ನಮ್ಮದೇ. ಎರಡು ವಾರದಿಂದ ಹುಡುಕ್ತಿದ್ದೆ." ಕೋಣೆಯ ಸುತ್ತ ಕಣ್ಣು ಹಾಯಿಸಿದರು. ನೆಲದ ತುಂಬ ಹದಿನೈದು ಬಣ್ಣದ ನೂಲು ಹರಿದಾಡಿತ್ತು, ಅಂಗಾತ ಬಿದ್ದ ಬೊಂಬೆ, ಗಾಜು. "ನಾಳೆ ನಾಲ್ಕು ಗಂಟೆಗೆ ಪಂದ್ಯ, ಬೇಕರಿಯವನ ಜೊತೆ ಅಂತ ಹೇಳಿ ಹೋಗೋಕೆ ಬಂದಿದ್ದೆ. ನನ್ನ ಮಾತು ನೆನಪಿದೆಯಲ್ಲ ತಮಗೆ? ಒಂದು ಸಲ. ಒಂದೇ ಸಲ."

"ನೆನಪಿದೆ ಭಾವ."

"ಸಂತೋಷ. ನಾನು ನಾಳೆ ಹೆಲ್ಮೆಟ್ಟು ಹಾಕ್ಕೊಂಡೇ ಕೂತಿರ್ತೀನಿ."

ಅವರು ಹೋದ ಹತ್ತು ನಿಮಿಷಕ್ಕೆ ಹೆಂಡತಿ ಬಂದಳು. ಅವಳು ಬೈದಿದ್ದರೆ ನಾನೂ ಕೂಗಾಡಿ ಸಮ ಮಾಡಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಬಾಗಿಲಲ್ಲೇ ಕೂತು ಪೇಪರ್‌ವೇಟಿನ ಒಂದು ಚೂರನ್ನು ಎತ್ತಿಕೊಂಡಳು.

"ನನಗೆ ಹೊಲಿಗೆ ಕಲಿಸಿದ ಟೈಲರಮ್ಮ ಕೊಟ್ಟಿದ್ದು ಇದು" ಅಂದಳು. ಅಷ್ಟೇ.

ಆಮೇಲೆ ನಾವಿಬ್ಬರೂ ಎದುರು ಬದುರು ಕೂತು ಸಂಜೆಯವರೆಗೆ ನೂಲು ಸುತ್ತಿದೆವು. ನನ್ನ ದಪ್ಪ ಬೆರಳಿಗೆ ಸಿಕ್ಕಿ ಕೆಂಪು ನೂಲು ನೀಲಿಯೊಳಗೆ ಸೇರಿತು, ನೀಲಿ ಹಳದಿಯೊಳಗೆ. ಸಿಟ್ಟು ಬಂದು ಎಳೆದೆ, ಗಂಟು ಬಿಗಿಯಿತು. "ಎಳೀಬೇಡಿ" ಅಂದಳು. "ಎಷ್ಟು ಜೋರು ಎಳೀತೀರೋ ಅಷ್ಟು ಸಿಕ್ಕಾಗುತ್ತೆ." ನಾನು ಕೈ ಸಡಿಲಿಸಿದೆ.

ಭಾನುವಾರ ಬೆಳಗ್ಗೆ ಎದ್ದರೆ ಜೋರು ಗಾಳಿ. ಒಡೆದ ಕಿಟಕಿಯಿಂದ ನುಗ್ಗಿ ಕೋಣೆಯನ್ನೆಲ್ಲ ಎಬ್ಬಿಸಿಹಾಕುತ್ತಿತ್ತು. ಅವಳಿಗೆ ಸೋಮವಾರ ಬೆಳಗ್ಗೆಗೆ ಪುಟ್ಟ ಮಕ್ಕಳ ಶಾಲೆಯೊಂದಕ್ಕೆ ಮೂವತ್ತು ಏಪ್ರನ್ ಹೊಲಿದು ಕೊಡಬೇಕಿತ್ತು. ಹಳದಿ ಬಟ್ಟೆ, ಅದರ ತುಂಬ ಬಾತುಕೋಳಿ ಚಿತ್ರ. ಮೇಜಿನ ಮೇಲೆ ಕಾಗದದ ಅಚ್ಚು ಹರಡುತ್ತಾಳೆ, ಗಾಳಿ ಎತ್ತಿಕೊಂಡು ಹೋಗುತ್ತದೆ. ಒಂದು ತುದಿಗೆ ಕತ್ತರಿ ಇಡುತ್ತಾಳೆ, ಕತ್ತರಿಸಲು ಕತ್ತರಿ ಬೇಕು! "ಗಾಜು ತಗೊಂಬನ್ನಿ ರೀ" ಅಂದಳು. ಹೋದೆ. ಗಾಜಿನ ಅಂಗಡಿಗೆ ಭಾನುವಾರ ರಜ. ಬರಿಗೈಯಲ್ಲಿ ಬಂದು, ಮೂರು ಗಂಟೆಗೆ ಕನ್ನಡಿ ಮುಂದೆ ನಿಂತು ಭುಜ ಸಡಿಲ ಮಾಡಿಕೊಂಡು, ಕೋಲಿನ ಚೀಲ ಹೆಗಲಿಗೆ ಹಾಕಿ ಹೊರಟೆ. ಆ ಹೊತ್ತಿಗೆ ಅವಳು ಎರಡನೇ ಹತ್ತು ಏಪ್ರನ್ ಕತ್ತರಿಸುತ್ತಿದ್ದಳು. ಕಾಗದ ಹಾರುತ್ತಿರಲಿಲ್ಲ. ಯಾಕೆ ಹಾರುತ್ತಿಲ್ಲ ಅಂತ ನೋಡುವಷ್ಟು ತಾಳ್ಮೆ ನನಗೆಲ್ಲಿತ್ತು!

ಹಾಲು ತುಂಬಿತ್ತು. ಆಟ ನೋಡಲು ಬಂದವರಲ್ಲ ಅವರು, ನನ್ನ ಕೊನೆಯ ದಿನ ನೋಡಲು ಬಂದವರು. ಗೋಡೆಯಲ್ಲಿ ಆರು ಗಂಟೆ ಹತ್ತು ನಿಮಿಷ. ಕೌಂಟರಿನಲ್ಲಿ ಭಾವ, ತಲೆಯ ಮೇಲೆ ಹೆಲ್ಮೆಟ್ಟು, ಗಲ್ಲದ ಪಟ್ಟಿ ಬಿಗಿದು. ಒಂದೇ ಆಟ, ಗೆದ್ದವನು ಮುಂದಕ್ಕೆ. ನಾಣ್ಯ ಚಿಮ್ಮಿದರು. ಬ್ರೇಕ್ ನನಗೆ ಬಂತು.

"ಒಡಿ ಫಿಟ್ಟರ್, ಒಡಿ" ಅಂದ ಬೇಕರಿಯವನು, ಟೀ ಲೋಟ ಎತ್ತಿಕೊಂಡು ಕಂಬದ ಹಿಂದೆ ಸರಿಯುತ್ತ. "ನಾನು ಇಲ್ಲಿಂದಲೇ ನೋಡ್ತೀನಿ. ಲೋಟ ಬೇರೆ ತುಂಬಿದೆ."

ಅವನನ್ನು ನೋಡಿ ಇನ್ನೂ ಆರು ಜನ ಕಂಬದ ಹಿಂದೆ ಹೋದರು. ಕಂಬ ಇರುವುದು ಒಂದು ಅಡಿ ಅಗಲ.

ಚೀಲದಿಂದ ಬ್ರೇಕ್ ಕ್ಯೂ ತೆಗೆದು ಎರಡು ತುಂಡನ್ನೂ ತಿರುಗಿಸಿ ಜೋಡಿಸಿದೆ. ಕೈಗೆ ತೆಗೆದುಕೊಂಡೆ. ಹಗುರ ಅನ್ನಿಸಿತು. ಅರೆ! ಎರಡು ದಿನದಿಂದ ಗಾಳಿಯಲ್ಲಿ ನೂರು ನೂರು ಸಲ ಬೀಸಿ ಅಭ್ಯಾಸ ಮಾಡಿದ್ದೆನಲ್ಲ, ತೋಳು ಬಲಿತಿದೆ! ಈ ವಯಸ್ಸಿನಲ್ಲೂ! ಒಳಗೊಳಗೇ ಮೀಸೆ ತಿರುವಿದೆ.

ಬಗ್ಗಿದೆ. ಕೆಳಗಿನ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಉಸಿರಾಡುವುದು ಕೇಳುತ್ತಿತ್ತು. ಅಂಗೈ ಬೆವೆತು ಕೋಲು ಜಾರಿತು. ಒರೆಸಿಕೊಂಡೆ. ಮತ್ತೆ ಬಗ್ಗಿದೆ. ಬಿಳಿ ಚೆಂಡು ನನ್ನನ್ನೇ ನೋಡುತ್ತಿತ್ತು. 'ಹಾರಲೋ ಬೇಡವೋ?' ಅಂತ ಕೇಳಿದ ಹಾಗಿತ್ತು. ನಾಳೆಯಿಂದ ಸಂಜೆ ಆರು ಗಂಟೆಗೆ ಎಲ್ಲಿಗೆ ಹೋಗಲಿ ನಾನು? ಮನೆ ಮುಂದಿನ ಮೆಟ್ಟಿಲ ಮೇಲೆ ಕೂತು ಹೋಗುವವರ ಚಪ್ಪಲಿ ನೋಡಬೇಕು. ಸೂಪರ್‌ವೈಸರ್ ಮುಖ ನೆನಪಿಸಿಕೊಳ್ಳಲು ಹೋದೆ. ಬರಲಿಲ್ಲ. ಬಂದದ್ದು ಗಾಜಿನ ಚೂರು ಹಿಡಿದು ಬಾಗಿಲಲ್ಲಿ ಕೂತವಳ ಮುಖ. 'ಎಳೀಬೇಡಿ.'

ಕೋಲು ಬಿಟ್ಟೆ. ಬಿಟ್ಟೆ ಅನ್ನುವುದೇ ಸರಿ. ಅದೇ ಹೋಯಿತು.

ಫಟಾರ್!

ಹದಿನೈದು ಚೆಂಡು ಬೆಚ್ಚಿಬಿದ್ದ ಹಕ್ಕಿಗಳ ಹಾಗೆ ಚೆದುರಿದವು. ಒಂದು ಮೂಲೆಗೆ ಬಿತ್ತು. ಇನ್ನೊಂದು ನಡುವಿನ ಪಾಕೆಟ್ಟಿಗೆ. ಮೂರನೆಯದು ತಡವಾಗಿ, ನಾಚಿಕೊಂಡು, ಉರುಳಿ ಬಿತ್ತು. ಬಿಳಿ ಚೆಂಡು? ಎಲ್ಲರೂ ಚಾವಣಿ ನೋಡಿದರು. ಗಡಿಯಾರ ನೋಡಿದರು. ಭಾವ ತಮ್ಮ ಹೆಲ್ಮೆಟ್ಟನ್ನೇ ಮುಟ್ಟಿ ನೋಡಿಕೊಂಡರು.

ಅದು ಮೇಜಿನ ನಟ್ಟನಡುವೆ, ಮೊಳೆ ಹೊಡೆದ ಹಾಗೆ ನಿಂತಿತ್ತು!

ಚಪ್ಪಾಳೆ! ಕಂಬದ ಹಿಂದಿನ ಏಳು ಜನ ಹೊರಗೆ ಬಂದರು. ಭಾವ ಗಲ್ಲದ ಪಟ್ಟಿ ಸಡಿಲಿಸಿ ಹೆಲ್ಮೆಟ್ಟು ತೆಗೆದು ಕೌಂಟರಿನ ಮೇಲಿಟ್ಟರು. "ಭೇಷ್ ಕಣೋ ಫಿಟ್ಟರ್!" ಅಂದರು. 'ಕಣೋ'! ಮರ್ಯಾದೆ ಇಳಿಯಿತು! ನನಗೆ ಕಣ್ಣು ತುಂಬಿತು.

ಅಲ್ಲಿಂದ ಬಾಯಿ ಮುಚ್ಚಿಕೊಂಡು ಆಟ ಮುಂದುವರಿಸಿದ್ದರೆ ಈ ಕಥೆಯನ್ನು ನಿಮಗೆ ಹೇಳಬೇಕಾಗಿರಲಿಲ್ಲ. ಆದರೆ ಬೇಕರಿಯವನು ಕೇಳಿಬಿಟ್ಟ, "ಏನೋ ಗುಟ್ಟು?"

ನಾನು ಕೋಲನ್ನು ಎತ್ತಿ ಹಿಡಿದೆ. "ಭಾರ! ಅದೇ ಗುಟ್ಟು! ಕ್ಯೂ ಅಂಗಡಿ ಮುದುಕ ಹಗುರದ್ದು ತಗೋ ಅಂದ. ಅವನಿಗೇನು ಗೊತ್ತು? ಇಪ್ಪತ್ತಾರು ವರ್ಷದ ಅನುಭವ ಇದು! ನಾನೇ ನನ್ನ ಕೈಯಾರೆ ಲೇತ್ ಮೇಲೆ ತಿರುವಿದ ಉಕ್ಕಿನ ಬೋಲ್ಟು ಇದೆ ಇದರ ಬುಡದಲ್ಲಿ. ಈ ಕೋಲಿನ ಪ್ರಾಣ! ನೋಡ್ತೀರಾ? ನೋಡಿ!"

ಎಲ್ಲರೂ ಹತ್ತಿರ ಬಂದರು. ಬುಡದ ರಬ್ಬರ್ ತಿರುಗಿಸಿ ಬಿಚ್ಚಿದೆ. ಕೋಲನ್ನು ಅಂಗೈಗೆ ಒದರಿದೆ. ಬೋಲ್ಟು ಬೀಳಲಿಲ್ಲ. ಮತ್ತೆ ಒದರಿದೆ. ತೂತಿನೊಳಗೆ ಇಣುಕಿದೆ. ಏನೋ ಹಳದಿ ಕಂಡಿತು.

ಬೆರಳು ಹಾಕಿ ಎಳೆದೆ.

ಬಾತುಕೋಳಿ!

ಒಂದು ಬಾತುಕೋಳಿ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಉದ್ದ ಚಿಂದಿ ಬಟ್ಟೆ. ಎಳೆದಷ್ಟೂ ಬರುತ್ತಿತ್ತು. ಸುತ್ತ ನಿಂತವರು ಮೊದಲು ಸುಮ್ಮನೆ ನೋಡಿದರು. ಆರನೇ ಬಾತುಕೋಳಿಗೆ ಒಬ್ಬ ಕಿಸಕ್ ಅಂದ. ಒಂಬತ್ತನೆಯದಕ್ಕೆ ಬೇಕರಿಯವನ ಬಾಯಿಂದ ಟೀ ಕಾರಂಜಿಯಾಯಿತು. ಆ ಲೋಟಕ್ಕೂ ನನಗೂ ಏನೋ ಋಣಾನುಬಂಧ ಇರಬೇಕು.

"ಫಿಟ್ಟರ್" ಅಂದ ಅವನು ಹೊಟ್ಟೆ ಹಿಡಿದುಕೊಂಡು, "ಈ ಬಾತುಕೋಳಿಗಳನ್ನೂ ಲೇತ್ ಮೇಲೇ ತಿರುವಿದ್ಯಾ?"

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ನನ್ನ ತಲೆಗೆ ರಕ್ತ ಏರಿತು. ಕಿವಿಯಲ್ಲಿ ಗುಂಯ್ ಅಂದಿತು. ಕೈಯಲ್ಲಿ ಕೋಲು. ಎದುರಿಗೇ, ಮೇಜಿನ ನಡುವೆ, ಆ ಬಿಳಿ ಚೆಂಡು. ಎಲ್ಲರ ನಗು ಒಮ್ಮೆಲೇ ನಿಂತಿತು. ನನ್ನ ಮುಖ ಹೇಗಿತ್ತೋ ಕಾಣೆ. ಭಾವ ಕೈ ಚಾಚಿ ಮೆಲ್ಲಗೆ ಹೆಲ್ಮೆಟ್ಟನ್ನು ಎಳೆದುಕೊಂಡು ಮತ್ತೆ ತಲೆಗೆ ಹಾಕಿಕೊಂಡರು.

"ಫಿಟ್ಟರ್ ಅವರೇ..." ಅಂದರು.

ಅವರೇ!

ಆ 'ಅವರೇ' ನನ್ನನ್ನು ಕಾಪಾಡಿತು. ಬ್ರೇಕ್ ಕ್ಯೂವನ್ನು ಗೋಡೆಗೆ ಒರಗಿಸಿದೆ. ಬಾತುಕೋಳಿಗಳನ್ನು ಮಡಚಿ ಜೇಬಿಗಿಟ್ಟೆ. ಆಡುವ ಕೋಲು ತೆಗೆದುಕೊಂಡು, ಬಾಯಿ ಬಿಟ್ಟುಕೊಂಡು ಕೂತಿದ್ದ ಪಾಕೆಟ್ಟಿನ ಅಂಚಿನ ಚೆಂಡಿಗೆ ಗುರಿಯಿಟ್ಟು, ತಪ್ಪಿದೆ. ಆಮೇಲೆ ಬೇಕರಿಯವನು ಕಣ್ಣೊರೆಸಿಕೊಳ್ಳುತ್ತಲೇ ಆಟ ಮುಗಿಸಿದ. ಸೋತೆ. ಆದರೆ ಕೊನೆಯವರೆಗೂ ಬಿಳಿ ಚೆಂಡು ಮೇಜು ಬಿಡಲಿಲ್ಲ. ಅದಕ್ಕೆ ಏಳೂರು ಜನ ಸಾಕ್ಷಿ.

ಮನೆಗೆ ಓಡಿದೆ. ಮೆಟ್ಟಿಲ ಮೇಲಿಂದಲೇ ಕೂಗಿದೆ, "ಎಲ್ಲೇ ನನ್ನ ಬೋಲ್ಟು!"

ಅವಳು ತಲೆ ಎತ್ತಲಿಲ್ಲ. ಮೇಜಿನ ಮೇಲೆ ಕಾಗದದ ಅಚ್ಚು. ಕಾಗದದ ಮೇಲೆ, ಕನ್ನಡಿಯಂತೆ ಹೊಳೆಯುತ್ತ, ಆರು ಮೂಲೆಯ ತಲೆಯೂರಿ ಕೂತಿತ್ತು, ನನ್ನ ಕೋಲಿನ ಪ್ರಾಣ.

"ಇಲ್ಲೇ ಇದೆಯಲ್ಲ. ಕಿಟಕಿ ಒಡೆದೋರು ನೀವು, ಪೇಪರ್‌ವೇಟು ಒಡೆದೋರು ನೀವು. ಕಾಗದ ಹಿಡ್ಕೊಂಡು ಕೂರೋಕೆ ನಮ್ಮಣ್ಣ ಬರ್ತಾನಾ?"

"ಒಂದು ಮಾತು ಕೇಳಬಾರದಿತ್ತಾ?"

"ಕೇಳಿದೆ. 'ರೀ, ಆ ಕೋಲಿನ ಕಬ್ಬಿಣ ತಗೋತೀನಿ' ಅಂದೆ. ನೀವು ಕನ್ನಡಿ ಮುಂದೆ ನಿಂತು 'ನೋಡ್ತಿರು, ಇವತ್ತು ನೋಡ್ತಿರು' ಅಂತ ಭುಜ ಕುಣಿಸ್ತಿದ್ರಿ. ಆಯ್ತು ಅಂತ ತಿಳ್ಕೊಂಡೆ."

"ಮತ್ತೆ ಆ ಬಾತುಕೋಳಿ?"

"ಬೋಲ್ಟು ತೆಗೆದಾಗ ಒಳಗಿಂದ ಏನೋ ಚೂರು ಲೊ‌ಟಲೊಟ ಅಂತಿತ್ತು. ಪಾಪ, ಪಂದ್ಯಕ್ಕೆ ಹೋಗ್ತಾರೆ, ಸದ್ದು ಬರಬಾರದು ಅಂತ ತುರುಕಿದೆ." ಈಗ ತಲೆ ಎತ್ತಿದಳು. "ಚೆಂಡು ಹಾರ್ತಾ?"

"...ಇಲ್ಲ."

"ಎಷ್ಟು ಬಿದ್ವು?"

"ಮೂರು."

"ಹಾಲು ಉಳೀತಾ?"

"ಉಳೀತು."

"ಹಾಗಾದ್ರೆ ಬೋಲ್ಟು ವಾಪಸ್ ಬೇಕಾ?"

ಇಪ್ಪತ್ತಾರು ವರ್ಷದ ಅನುಭವ ಕೋಲಿನ ಚೀಲವನ್ನು ಮೂಲೆಗೆ ಒರಗಿಸಿತು.

"ಕಾಗದಕ್ಕೆ ನಾಲ್ಕು ಮೂಲೆ ರೀ" ಅಂದಳು ಅವಳು, ಬೋಲ್ಟನ್ನು ಸ್ವಲ್ಪ ಸರಿಸುತ್ತ. "ಇಂಥದ್ದೇ ಇನ್ನು ಮೂರು ಬೇಕು."

ಸೋಮವಾರ ಊಟದ ಬಿಡುವಿನಲ್ಲಿ ಲೇತ್ ಮೇಲೆ ಮೂರು ಬೋಲ್ಟು ತಿರುವಿದೆ. ಸೂಪರ್‌ವೈಸರ್ ಬಂದು "ಯಾವ ಪಂಪಿಂದು ಇದು?" ಅಂದ. "ನಮ್ಮ ಮನೇದು" ಅಂದೆ. ಸಂಜೆ ಅವುಗಳನ್ನು ಅವಳ ಮೇಜಿನ ಮೇಲಿಟ್ಟು, ಕೋಲಿನ ಚೀಲ ಹೆಗಲಿಗೆ ಹಾಕಿ, ಬಾಗಿಲ ತನಕ ಹೋದವನು ನಿಂತೆ. ಜೇಬಿನಲ್ಲಿದ್ದ ಬಾತುಕೋಳಿ ಬಟ್ಟೆಯನ್ನು ಮೂಗು ಒರೆಸಿಕೊಂಡು ಹಾಳು ಮಾಡಿದ್ದೆ. ಬುಡ ಖಾಲಿ ಇದ್ದರೆ ಕೋಲು ಸದ್ದು ಮಾಡುತ್ತದೆ. ಆರು ಗಂಟೆಯಾಗುತ್ತ ಬಂದಿತ್ತು. ಒಂದು ಸಲ ಕೆಮ್ಮಿದೆ.

"ಏನೇ... ಆ ಬಾತುಕೋಳಿದು ಇನ್ನೊಂದು ಚೂರು ಇದೆಯಾ?"

ಅವಳ ಬಾಯಲ್ಲಿ ನಾಲ್ಕು ಗುಂಡುಸೂಜಿ ಇದ್ದವು.

"ಹ್ಞೂಂ" ಅಂದಳು.